ನಾಲ್ಕು ಸ್ಥಳೀಯ ಸಂಸ್ಥೆಗಳು ಒಂದಾಗುವಾಗ ನಮ್ಮ ಊರಿಗೆ ಎಷ್ಟು ಸದಸ್ಯರು?

ಪ್ರಶ್ನೆ: ನಮ್ಮದು ಗುಡ್ಡದ ಮೇಲಿನ ಚಿಕ್ಕ ಊರು, ಜನಸಂಖ್ಯೆ 10,500. ಇಲ್ಲಿನ ಸ್ಥಳೀಯ ಸಂಸ್ಥೆಯಲ್ಲಿ 11 ಸದಸ್ಯರಿದ್ದೇವೆ, ಅವರಲ್ಲಿ ನಾನೂ ಒಬ್ಬ. ಈಗ ನಮ್ಮನ್ನು ಕೆಳಗಿನ ಮೂರು ಸಂಸ್ಥೆಗಳ ಜೊತೆ ವಿಲೀನ ಮಾಡುತ್ತಿದ್ದಾರೆ. ದೊಡ್ಡ ಪಟ್ಟಣದಲ್ಲಿ 95,000 ಜನ, 35 ಸದಸ್ಯರು. ಪಕ್ಕದ ಪಟ್ಟಣದಲ್ಲಿ 41,000 ಜನ, 23 ಸದಸ್ಯರು. ನದಿಯಂಚಿನ ಊರಿನಲ್ಲಿ 18,500 ಜನ, 15 ಸದಸ್ಯರು. ಒಟ್ಟು 84 ಸದಸ್ಯರ ಬದಲು ಇನ್ನು ಮುಂದೆ 41 ಸಾಕು ಎಂದು ವಿಲೀನ ಸಮಿತಿಯ ಕರಡು ಹೇಳುತ್ತದೆ. ಹಂಚಿಕೆ ಕ್ರಮವಾಗಿ 25, 10, 4 ಮತ್ತು ನಮಗೆ 2. ನಮ್ಮ ಊರಿನವರು ಸಿಟ್ಟಾಗಿದ್ದಾರೆ. ನಾಲ್ಕೂ ಸಂಸ್ಥೆಗಳಿಗೆ ಸಮಾನ ಸ್ಥಾನ ಕೇಳಿ ಎಂದು ಕೆಲವರು, ಈಗಿರುವ 84 ಮಂದಿಯೂ ಅವಧಿ ಮುಗಿಯುವವರೆಗೆ ಮುಂದುವರಿಯಲಿ ಎಂದು ಕೆಲವರು, ಸಮಿತಿಯಿಂದಲೇ ಹೊರಬನ್ನಿ ಎಂದು ಇನ್ನು ಕೆಲವರು ಒತ್ತಾಯಿಸುತ್ತಿದ್ದಾರೆ. ದೊಡ್ಡ ಪಟ್ಟಣದವರು ಎಲ್ಲವನ್ನೂ ತಮಗೆ ಬೇಕಾದಂತೆ ಮಾಡಿಕೊಳ್ಳುತ್ತಾರೆ ಎಂಬ ಭಯ ನನಗೂ ಇದೆ. ಯಾವುದು ಸರಿಯಾದ ದಾರಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಹೆಣೆದುಕೊಂಡಿವೆ. ಅವನ್ನು ಬಿಡಿಸಿ ನೋಡದೆ ಉತ್ತರ ಕೊಡಲಾಗದು. ನಮಗೆ ಬರಬೇಕಾದಷ್ಟು ಸ್ಥಾನ ಬಂದಿಲ್ಲ ಎಂಬುದು ಮೊದಲನೆಯದು. ಅದು ಲೆಕ್ಕದ ಪ್ರಶ್ನೆ, ನಿಮ್ಮ ಅನುಮಾನಕ್ಕೆ ಆಧಾರವಿದೆ, ಅದನ್ನು ಸರಿಪಡಿಸಲೂ ಬಹುದು. ಎಷ್ಟು ಸ್ಥಾನ ಬಂದರೂ ದೊಡ್ಡ ಪಟ್ಟಣದ ಮಾತೇ ನಡೆಯುತ್ತದೆ ಎಂಬುದು ಎರಡನೆಯದು. ಅದೂ ನಿಜವೇ, ಆದರೆ ಸ್ಥಾನಗಳ ಲೆಕ್ಕದಿಂದ ಅದಕ್ಕೆ ಪರಿಹಾರ ಸಿಗುವುದಿಲ್ಲ. ವಿಲೀನದ ಸಂದರ್ಭದಲ್ಲಿ ಸಣ್ಣ ಊರುಗಳ ಪ್ರತಿನಿಧಿಗಳು ತಮ್ಮ ಶಕ್ತಿಯನ್ನೆಲ್ಲ ಮೊದಲನೆಯದಕ್ಕೆ ಸುರಿದು, ಎರಡನೆಯದರ ಚರ್ಚೆ ಬರುವ ಹೊತ್ತಿಗೆ ದಣಿದಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲು ಲೆಕ್ಕ. ನಾಲ್ಕೂ ಕಡೆ ಸೇರಿ 1,65,000 ಜನ. ಅದನ್ನು 41ರಿಂದ ಭಾಗಿಸಿದರೆ ಒಬ್ಬ ಸದಸ್ಯನಿಗೆ ಸರಾಸರಿ 4,024 ಜನ. ಈ ಸರಾಸರಿಯ ಪ್ರಕಾರ ದೊಡ್ಡ ಪಟ್ಟಣದ ಪಾಲು 23.61, ಪಕ್ಕದ ಪಟ್ಟಣದ್ದು 10.19, ನದಿಯಂಚಿನ ಊರಿನದು 4.60, ನಿಮ್ಮದು 2.61. ಪೂರ್ಣಾಂಕಗಳನ್ನಷ್ಟೇ ಕೂಡಿದರೆ 39 ಆಗುತ್ತದೆ, ಎರಡು ಸ್ಥಾನ ಉಳಿಯುತ್ತವೆ. ಜಗಳ ಇರುವುದು ಆ ಎರಡರ ಮೇಲೆ. ಅವು ಯಾರಿಗೆ ಹೋಗಬೇಕು ಎನ್ನುವುದು ಯಾವ ಸೂತ್ರ ಬಳಸುತ್ತೀರಿ ಎಂಬುದನ್ನು ಅವಲಂಬಿಸಿದೆ.

ದೊಡ್ಡ ಶೇಷ ಯಾರಿಗಿದೆಯೋ ಅವರಿಗೆ ಕೊಡುವ ಪದ್ಧತಿಯಲ್ಲಿ ಹಂಚಿಕೆ 24, 10, 4, 3 ಆಗುತ್ತದೆ. ಫ್ರಾನ್ಸಿನ ಗಣಿತಜ್ಞ ಸಾಂತ್-ಲಾಗ್ ಹೆಸರಿನ ಸೂತ್ರದಲ್ಲಿ ಅದೇ ಅಂಕಿಗಳಿಗೆ 23, 10, 5, 3 ಬರುತ್ತದೆ. ಬೆಲ್ಜಿಯಂನ ದೋಂಟ್ ಸೂತ್ರದಲ್ಲಿ 25, 10, 4, 2. ನಿಮ್ಮ ಕರಡಿನಲ್ಲಿರುವುದು ಈ ಮೂರನೆಯದೇ. ದೋಂಟ್ ಸೂತ್ರವನ್ನು ಹಲವು ದೇಶಗಳಲ್ಲಿ ಪಕ್ಷಗಳಿಗೆ ಸ್ಥಾನ ಹಂಚಲು ಬಳಸುತ್ತಾರೆ. ದೊಡ್ಡ ಪಕ್ಷಗಳತ್ತ ಸ್ವಲ್ಪ ವಾಲುವುದು ಅದರ ಗುಣ, ಪಕ್ಷಗಳ ವಿಷಯದಲ್ಲಿ ಸ್ಥಿರ ಸರ್ಕಾರ ಬರಲಿ ಎಂದು ಆ ವಾಲಿಕೆಯನ್ನು ಒಪ್ಪಿಕೊಳ್ಳುವವರೂ ಇದ್ದಾರೆ. ಊರುಗಳಿಗೆ ಸ್ಥಾನ ಹಂಚುವಾಗ ಆ ಸಮರ್ಥನೆ ನಿಲ್ಲುವುದಿಲ್ಲ. ಸಮಿತಿಯವರು ಬೇಕೆಂದೇ ಹೀಗೆ ಮಾಡಿದ್ದಾರೆ ಎಂದು ನಾನು ಹೇಳುವುದಿಲ್ಲ, ಸಿದ್ಧವಾಗಿ ಸಿಕ್ಕ ಸೂತ್ರವನ್ನೇ ಯೋಚಿಸದೆ ಬಳಸಿರಬಹುದು. ಆದರೆ ಅದರಿಂದ ನಿಮ್ಮ ಊರಿನಲ್ಲಿ ಒಬ್ಬ ಸದಸ್ಯನ ಪಾಲಿಗೆ 5,250 ಜನ ಬರುತ್ತಾರೆ, ಅಂದರೆ ಸರಾಸರಿಗಿಂತ ಶೇ 30ರಷ್ಟು ಹೆಚ್ಚು.

ಇಷ್ಟು ವ್ಯತ್ಯಾಸ ಒಪ್ಪತಕ್ಕದ್ದೇ? ಅಲ್ಲ. ಯುರೋಪ್ ಮಂಡಳಿಯ ವೆನಿಸ್ ಆಯೋಗ 2002ರಲ್ಲಿ ರೂಪಿಸಿದ ಚುನಾವಣಾ ಸಂಹಿತೆಯ ಪ್ರಕಾರ ಸರಾಸರಿಯಿಂದ ಶೇ 10ಕ್ಕಿಂತ ಹೆಚ್ಚು ಆಚೀಚೆ ಹೋಗುವುದು ಅಪರೂಪವಾಗಿರಬೇಕು, ವಿಶೇಷ ಕಾರಣವಿಲ್ಲದೆ ಶೇ 15 ದಾಟಲೇಬಾರದು. ನ್ಯೂಜಿಲೆಂಡ್ ಕಾನೂನಿನಲ್ಲೂ ಶೇ 10ರ ಮಿತಿಯಿದೆ, ದೂರದ ಒಂಟಿ ಊರುಗಳಿಗೆ ವಿನಾಯಿತಿ ಕೊಡಲು ಅವಕಾಶವೂ ಇದೆ. ನಿಮಗೆ 3 ಸ್ಥಾನ ಕೊಟ್ಟರೆ ಒಬ್ಬರಿಗೆ 3,500 ಜನ, ಸರಾಸರಿಗಿಂತ ಶೇ 13 ಕಡಿಮೆ. ಅದೂ ಶೇ 10ರ ಮಿತಿಯ ಹೊರಗೇ ಇದೆ, ಆದರೆ ಶೇ 30ಕ್ಕೆ ಹೋಲಿಸಿದರೆ ನ್ಯಾಯಕ್ಕೆ ಹತ್ತಿರ.

ಇದಕ್ಕಿಂತ ಒಳ್ಳೆಯ ದಾರಿಯೊಂದಿದೆ. ಒಟ್ಟು ಸ್ಥಾನಗಳನ್ನು 41ರ ಬದಲು 45 ಮಾಡಿ ನೋಡಿ. ಆಗ ಸರಾಸರಿ 3,667. ಹಂಚಿಕೆ 26, 11, 5, 3. ದೊಡ್ಡ ಪಟ್ಟಣದಲ್ಲಿ ಒಬ್ಬರಿಗೆ 3,654 ಜನ, ಪಕ್ಕದ ಪಟ್ಟಣದಲ್ಲಿ 3,727, ನದಿಯಂಚಿನಲ್ಲಿ 3,700, ನಿಮ್ಮಲ್ಲಿ 3,500. ನಾಲ್ಕೂ ಸರಾಸರಿಯಿಂದ ಶೇ 5ರ ಒಳಗೇ ನಿಲ್ಲುತ್ತವೆ. ಮೊದಲ ಎರಡು ಪದ್ಧತಿಗಳಲ್ಲಿ ಯಾವುದನ್ನು ಬಳಸಿದರೂ ಇದೇ ಉತ್ತರ ಬರುತ್ತದೆ, ಹಾಗಾಗಿ ಸೂತ್ರದ ಜಗಳವೇ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ದೋಂಟ್ ಸೂತ್ರವೊಂದೇ ಇಲ್ಲೂ ನಿಮಗೆ 2ನ್ನೇ ಕೊಡುತ್ತದೆ, ಅದನ್ನು ಬಿಡಲು ಇನ್ನೂ ಒಂದು ಕಾರಣ ಸಿಕ್ಕಿತು. ಸಮಿತಿಯ ಮುಂದೆ ನಮಗೆ ಒಂದು ಹೆಚ್ಚು ಕೊಡಿ ಎಂದು ಕೇಳಿದರೆ ನೀವು ನಿಮ್ಮ ಊರಿನ ವಕೀಲರಾಗುತ್ತೀರಿ. 45ರ ಈ ಕೋಷ್ಟಕ ಇಟ್ಟರೆ ದೊಡ್ಡ ಪಟ್ಟಣಕ್ಕೂ ಕರಡಿಗಿಂತ ಒಂದು ಹೆಚ್ಚೇ ಸಿಗುವುದರಿಂದ ಅವರಿಗೂ ಒಪ್ಪುವುದು ಸುಲಭ.

ಸದಸ್ಯರು ಹೆಚ್ಚಾದರೆ ಖರ್ಚು ಹೆಚ್ಚು ಎಂಬ ಆಕ್ಷೇಪ ಕೂಡಲೇ ಬರುತ್ತದೆ. ಸದಸ್ಯರ ಗೌರವಧನ ಮತ್ತು ಭತ್ಯೆ ಸ್ಥಳೀಯ ಸಂಸ್ಥೆಯ ಒಟ್ಟು ಬಜೆಟ್ಟಿನಲ್ಲಿ ಬಹಳ ಸಣ್ಣ ಭಾಗ. ವಾದಿಸುವವರು ನಿಜವಾಗಿ ಹೇಳುವುದು ಬೇರೆ: ಪ್ರತಿಯೊಬ್ಬರೂ ತಮ್ಮ ವಾರ್ಡಿಗೆ ಕಾಮಗಾರಿ ಕೇಳುತ್ತಾರೆ, ಆದ್ದರಿಂದ ಸದಸ್ಯರು ಹೆಚ್ಚಿದಷ್ಟೂ ವೆಚ್ಚ ಉಬ್ಬುತ್ತದೆ ಎಂದು. ಅರ್ಥಶಾಸ್ತ್ರದಲ್ಲಿ ಇದು 1981ರಿಂದ ಪ್ರಸಿದ್ಧವಾದ ವಾದ. ಆದರೆ ಪರೀಕ್ಷೆಗಿಟ್ಟಾಗ ಫಲಿತಾಂಶ ಎರಡು ದಿಕ್ಕಿನಲ್ಲಿ ಬಂದಿದೆ. ಜರ್ಮನಿಯ ಬವೇರಿಯಾದಲ್ಲಿ ಸದಸ್ಯರು ಹೆಚ್ಚಿದ್ದ ಕಡೆ ಖರ್ಚು ಹೆಚ್ಚು ಎಂದು 2010ರ ಅಧ್ಯಯನ ತೋರಿಸಿತು. ಸ್ವೀಡನ್ ಮತ್ತು ಫಿನ್ಲೆಂಡ್‌ಗಳ ಮೇಲಿನ 2012ರ ಅಧ್ಯಯನದಲ್ಲಿ ಸದಸ್ಯರು ಹೆಚ್ಚಿದ್ದ ಕಡೆ ಖರ್ಚು ಕಡಿಮೆ ಎಂದು ಕಂಡಿತು, ಅಧಿಕಾರಿಗಳ ಮೇಲೆ ಕಣ್ಣಿಡಲು ಹೆಚ್ಚು ಜನ ಇದ್ದುದು ಕಾರಣವಿರಬಹುದು. ನಾಲ್ಕು ಸ್ಥಾನ ಕಡಿತ ಮಾಡಿದರೆ ಹಣ ಉಳಿಯುತ್ತದೆ ಎಂದು ಯಾರಾದರೂ ಖಚಿತವಾಗಿ ಹೇಳಿದರೆ, ಎಲ್ಲಿ, ಎಷ್ಟು ಎಂದು ಕೇಳಿ.

ಒಟ್ಟು ಎಷ್ಟು ಸದಸ್ಯರಿರಬೇಕು ಎಂಬುದನ್ನು ಜನಸಂಖ್ಯೆಯೊಂದರಿಂದ ತೀರ್ಮಾನಿಸಲಾಗದು. ಇಂಗ್ಲೆಂಡಿನ ಸ್ಥಳೀಯ ಗಡಿ ಆಯೋಗ ಮೂರು ವಿಷಯ ಕೇಳುತ್ತದೆ: ನೀತಿ ನಿರ್ಧರಿಸಲು ಎಷ್ಟು ಜನ ಬೇಕು, ಆ ನಿರ್ಧಾರಗಳನ್ನು ಪರಿಶೀಲಿಸಿ ಸಮಿತಿಗಳನ್ನು ನಡೆಸಲು ಎಷ್ಟು ಜನ ಬೇಕು, ಜನರ ನಡುವೆ ಓಡಾಡಲು ಎಷ್ಟು ಜನ ಬೇಕು. ನನ್ನ ಅನುಭವದಲ್ಲಿ ಎಡವುವುದು ಎರಡನೆಯದರಲ್ಲಿ. ಕರಡಿನಲ್ಲಿ ಎಷ್ಟು ಸ್ಥಾಯಿ ಸಮಿತಿಗಳನ್ನು ಸೂಚಿಸಿದ್ದಾರೆ, ಒಂದೊಂದರಲ್ಲಿ ಎಷ್ಟು ಮಂದಿ ಎಂದು ಎಣಿಸಿ ನೋಡಿ. ಉದಾಹರಣೆಗೆ 9 ಜನರ 8 ಸಮಿತಿಗಳಾದರೆ 72 ಕುರ್ಚಿಗಳು. ಇಬ್ಬರೇ ಸದಸ್ಯರಿರುವ ಊರು ಎಲ್ಲ ಸಮಿತಿಗಳಲ್ಲೂ ಇರಬೇಕಾದರೆ ಒಬ್ಬೊಬ್ಬರು ನಾಲ್ಕು ಸಮಿತಿಗಳಲ್ಲಿ ಕೂರಬೇಕು. ಗುಡ್ಡದಿಂದ ಇಳಿದು ಕೇಂದ್ರ ಕಚೇರಿಗೆ ಹೋಗಿಬರುವುದರಲ್ಲೇ ದಿನ ಕಳೆಯುವವರಿಗೆ, ಬೇರೆ ದುಡಿಮೆ ಇರುವವರಿಗೆ, ಮನೆಯಲ್ಲಿ ಮಕ್ಕಳನ್ನೋ ವೃದ್ಧರನ್ನೋ ನೋಡಿಕೊಳ್ಳುವವರಿಗೆ ಅದು ಆಗದ ಮಾತು. ಕೊನೆಗೆ ಪೂರ್ತಿ ಸಮಯ ರಾಜಕೀಯಕ್ಕೇ ಕೊಡಬಲ್ಲವರು ಮಾತ್ರ ನಿಲ್ಲುತ್ತಾರೆ. ವಿಲೀನದ ಈ ನಷ್ಟ ಯಾವ ವರದಿಯಲ್ಲೂ ಕಾಲಂ ಆಗಿ ಬರುವುದಿಲ್ಲ, ಅದಕ್ಕೇ ಅದನ್ನು ಒತ್ತಿ ಹೇಳುತ್ತಿದ್ದೇನೆ.

ಆರಂಭದಲ್ಲಿ ಸಂಖ್ಯೆ ಸ್ವಲ್ಪ ಹೆಚ್ಚೇ ಇಟ್ಟುಕೊಂಡು ಮುಂದೆ ಇಳಿಸಿದ ಉದಾಹರಣೆಗಳು ಸಾಕಷ್ಟಿವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 2009ರಲ್ಲಿ ಒಂದು ಕೌಂಟಿ ಮತ್ತು ಆರು ಜಿಲ್ಲಾ ಸಂಸ್ಥೆಗಳು ಒಂದಾದಾಗ 123 ಸದಸ್ಯರಿದ್ದರು, 2021ರಲ್ಲಿ 87ಕ್ಕೆ ಇಳಿಸಿದರು. ಕೆನಡಾದ ಟೊರಾಂಟೊ ಇನ್ನೊಂದು ಪಾಠ ಹೇಳುತ್ತದೆ. ಅಲ್ಲಿ ಆರು ನಗರಸಂಸ್ಥೆಗಳನ್ನು 1998ರಲ್ಲಿ ಸೇರಿಸಿದಾಗ 57 ಸದಸ್ಯರಿದ್ದರು, 2000ದ ಚುನಾವಣೆಗೆ 44 ಆಯಿತು, 2018ರಲ್ಲಿ ಚುನಾವಣಾ ಪ್ರಚಾರ ನಡೆಯುತ್ತಿರುವಾಗಲೇ ಪ್ರಾಂತೀಯ ಸರ್ಕಾರ 25ಕ್ಕೆ ಇಳಿಸಿತು. ದೇಶದ ಸುಪ್ರೀಂ ಕೋರ್ಟ್ 2021ರಲ್ಲಿ 5–4ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಸಂಖ್ಯೆಯನ್ನು ಯಾವಾಗ, ಯಾರು, ಯಾವ ಕ್ರಮದಲ್ಲಿ ಪರಿಷ್ಕರಿಸಬಹುದು ಎಂಬುದನ್ನು ವಿಲೀನದ ದಾಖಲೆಯಲ್ಲೇ ಬರೆಸಿ. ಮೊದಲ ಅವಧಿಯ ನಂತರ ಒಮ್ಮೆ ಪರಿಶೀಲನೆ ಎಂಬುದು ನ್ಯಾಯವಾದ ಒಪ್ಪಂದ.

ಈಗ ಸಮಾನ ಸ್ಥಾನದ ಬೇಡಿಕೆಗೆ ಬರುತ್ತೇನೆ. ತಲಾ 10 ಸ್ಥಾನ ಎಂದಿಟ್ಟುಕೊಳ್ಳಿ. ನಿಮ್ಮಲ್ಲಿ 1,050 ಜನರಿಗೆ ಒಬ್ಬ ಸದಸ್ಯ, ದೊಡ್ಡ ಪಟ್ಟಣದಲ್ಲಿ 9,500 ಜನರಿಗೆ ಒಬ್ಬ. ನಿಮ್ಮ ಒಂದು ಮತ ಅವರ ಒಂಬತ್ತು ಮತಗಳಿಗೆ ಸಮ. ನ್ಯೂಯಾರ್ಕ್ ಇದನ್ನು ಮಾಡಿ ನೋಡಿದೆ. 1898ರಲ್ಲಿ ಐದು ಬರೋಗಳು (ಈಗ ನಗರದ ಆಡಳಿತ ವಿಭಾಗಗಳು) ಒಂದಾಗಿ ಈಗಿನ ನಗರವಾಯಿತು. ಹಣಕಾಸಿನ ಮಹತ್ವದ ನಿರ್ಧಾರಗಳನ್ನು ತೆಗೆದುಕೊಳ್ಳುತ್ತಿದ್ದ ಅಲ್ಲಿನ ಅಂದಾಜು ಮಂಡಳಿಯಲ್ಲಿ ಐದೂ ಬರೋಗಳ ಅಧ್ಯಕ್ಷರಿಗೆ ಸಮಾನ ಮತ ಇರುವ ವ್ಯವಸ್ಥೆ ದಶಕಗಳ ಕಾಲ ನಡೆಯಿತು. ಇಪ್ಪತ್ತು ಲಕ್ಷ ಮೀರಿದ ಬ್ರೂಕ್ಲಿನ್‌ಗೂ ನಾಲ್ಕು ಲಕ್ಷ ಮುಟ್ಟದ ಸ್ಟೇಟನ್ ಐಲೆಂಡ್‌ಗೂ ಒಂದೇ ತೂಕ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ಸಮಾನತೆಗೆ ವಿರುದ್ಧ ಎಂದು ರದ್ದುಮಾಡಿತು, ಮಂಡಳಿಯೇ ಹೋಯಿತು. ನಾಲ್ಕು ವರ್ಷದ ನಂತರ ಸ್ಟೇಟನ್ ಐಲೆಂಡಿನ ಜನ ನಗರದಿಂದ ಬೇರೆಯಾಗಬೇಕೆಂದು ಬಹುಮತದಿಂದ ಮತ ಹಾಕಿದರು, ಆದರೂ ಬೇರೆಯಾಗಲು ಆಗಲಿಲ್ಲ. ನೀವು ಗಮನಿಸಬೇಕಾದದ್ದು ಇದು: ಅವರ ರಕ್ಷಣೆಯೆಲ್ಲ ಒಂದೇ ಸಮಾನ ಮತದ ಮೇಲೆ ನಿಂತಿತ್ತು, ಅದು ಬಿದ್ದ ದಿನ ಹಿಡಿದುಕೊಳ್ಳಲು ಬೇರೇನೂ ಉಳಿಯಲಿಲ್ಲ. ಸಮಾನ ಸ್ಥಾನ ಕೇಳಬೇಡಿ ಎಂದೇ ನನ್ನ ಸಲಹೆ.

ಎರಡನೇ ಭಯದ ವಿಷಯ ಇಲ್ಲಿಂದಲೇ ಶುರುವಾಗುತ್ತದೆ. 45ರಲ್ಲಿ ಬಹುಮತಕ್ಕೆ 23 ಬೇಕು, ದೊಡ್ಡ ಪಟ್ಟಣಕ್ಕೇ 26 ಇದೆ. ನಿಮಗೆ 2 ಇರಲಿ, 3 ಇರಲಿ, 5 ಇರಲಿ, ಆ ಪಟ್ಟಣದವರೆಲ್ಲ ಒಂದಾಗಿ ಕೈಯೆತ್ತಿದರೆ ಉಳಿದ ಮೂರೂ ಊರುಗಳು ಸೇರಿದರೂ ತಡೆಯಲಾರವು. ಇದರ ಪ್ರಸಿದ್ಧ ಉದಾಹರಣೆ ನ್ಯೂಯಾರ್ಕ್ ರಾಜ್ಯದ ನಸ್ಸಾವ್ ಕೌಂಟಿಯದು. 1960ರ ದಶಕದಲ್ಲಿ ಅಲ್ಲಿನ ಮಂಡಳಿಯ ಆರು ಪ್ರತಿನಿಧಿಗಳಿಗೆ 31, 31, 28, 21, 2, 2 ಎಂಬ ತೂಕದ ಮತಗಳಿದ್ದವು, ಬಹುಮತಕ್ಕೆ 58. ಮೊದಲ ಮೂವರಲ್ಲಿ ಯಾವ ಇಬ್ಬರು ಸೇರಿದರೂ 58 ದಾಟುತ್ತದೆ. ಅವರಲ್ಲಿ ಒಬ್ಬರ ಜೊತೆ ಉಳಿದ ಮೂವರೂ ಸೇರಿದರೂ ದಾಟುವುದಿಲ್ಲ. ಅಂದರೆ 21 ಮತ ಕೈಯಲ್ಲಿದ್ದ ಊರು ಒಂದೇ ಒಂದು ನಿರ್ಣಯದ ಹಣೆಬರಹವನ್ನೂ ಬದಲಿಸಲಾರದು. ಜಾನ್ ಬಾನ್ಜಾಫ್ ಎಂಬ ವಕೀಲರು 1965ರಲ್ಲಿ ಇದನ್ನು ಲೆಕ್ಕಹಾಕಿ ತೋರಿಸಿದರು.

ಇದರಿಂದ ಹೆದರಬೇಕಿಲ್ಲ, ಏಕೆಂದರೆ ಸದಸ್ಯರು ಯಾವಾಗಲೂ ಊರಿನ ಪ್ರಕಾರ ಮತ ಹಾಕುವುದಿಲ್ಲ. ಪಕ್ಷ, ವಾರ್ಡು, ವಿಷಯ ನೋಡಿಕೊಂಡು ಹಾಕುತ್ತಾರೆ, ದೊಡ್ಡ ಪಟ್ಟಣದ ಅಂಚಿನ ಬಡಾವಣೆಯವರ ನೀರಿನ ತೊಂದರೆ ನಿಮ್ಮ ತೊಂದರೆಯಂತೆಯೇ ಇರುತ್ತದೆ. ಊರಿನ ಪ್ರಕಾರ ಒಡೆಯುವುದು ಕೆಲವೇ ವಿಷಯಗಳಲ್ಲಿ: ತೆರಿಗೆ ದರ ಸಮಗೊಳಿಸುವುದು, ಹಳೆಯ ಸಂಸ್ಥೆಯ ಜಮೀನು ಮಾರುವುದು, ಸ್ಥಳೀಯ ಕಚೇರಿ ಮುಚ್ಚುವುದು, ಒಂದು ಊರಿನ ಹಳೆಯ ಸಾಲ ಎಲ್ಲರ ತಲೆಗೆ ಬರುವುದು. ಆ ಕೆಲವೇ ವಿಷಯಗಳಿಗೆ ಬೇಲಿ ಹಾಕಿಸಿಕೊಳ್ಳುವುದರಲ್ಲಿ ನಿಮ್ಮ ಚೌಕಾಸಿ ಶಕ್ತಿ ಖರ್ಚಾಗಲಿ.

ಒಂದು ದಾರಿ, ಈ ಪಟ್ಟಿಯ ವಿಷಯಗಳಿಗೆ ಮೊದಲ ಅವಧಿಯಲ್ಲಿ ಮೂರನೇ ಎರಡರಷ್ಟು ಬಹುಮತ ಕೇಳುವುದು. 45ರಲ್ಲಿ ಅದು 30. ಆಗ ದೊಡ್ಡ ಪಟ್ಟಣಕ್ಕೆ ಹೊರಗಿನ 4 ಮತ ಬೇಕೇಬೇಕು. ನಿಮ್ಮ ಕಾನೂನು ಇದಕ್ಕೆ ಅವಕಾಶ ಕೊಡುತ್ತದೆಯೇ ಎಂದು ಮೊದಲು ನೋಡಿಸಿ. ಅಪಾಯವೂ ಇದೆ: ಪಟ್ಟಿ ಉದ್ದವಾದರೆ ಆಡಳಿತವೇ ಕಟ್ಟಿಬೀಳುತ್ತದೆ, ಹಾಗಾಗಿ ನಾಲ್ಕೈದು ವಿಷಯ ದಾಟಬೇಡಿ.

ಇನ್ನೊಂದು, ಕೆಲವು ಅಧಿಕಾರಗಳು ಊರಿನಲ್ಲೇ ಉಳಿಯುವಂತೆ ಮಾಡುವುದು. ಆಕ್ಲೆಂಡಿನಲ್ಲಿ 2010ರ ನವೆಂಬರ್ 1ರಂದು ಎಂಟು ಸಂಸ್ಥೆಗಳು ಒಂದಾದವು. ಮೇಯರ್ ಬಿಟ್ಟರೆ ಕೇಂದ್ರದಲ್ಲಿ 20 ಸದಸ್ಯರು ಮಾತ್ರ, ಅಷ್ಟು ದೊಡ್ಡ ನಗರಕ್ಕೆ ಬಹಳ ಕಡಿಮೆ. ಅದರ ಜೊತೆ ಜನರೇ ಆರಿಸುವ 21 ಸ್ಥಳೀಯ ಮಂಡಳಿಗಳನ್ನು ಮಾಡಿ ಉದ್ಯಾನ, ಗ್ರಂಥಾಲಯ, ಸಮುದಾಯ ಭವನಗಳಂಥ ಕೆಲಸ ಅವಕ್ಕೆ ಬಿಟ್ಟರು. ನನಗೆ ಈ ಏರ್ಪಾಡು ಇಷ್ಟ, ಆದರೆ ಅದರ ದೌರ್ಬಲ್ಯ ಗೊತ್ತಿರಲಿ. ಆ ಮಂಡಳಿಗಳು ತಾವೇ ನೌಕರರನ್ನು ನೇಮಿಸಿಕೊಳ್ಳುವಂತಿಲ್ಲ, ಹಣಕ್ಕೆ ಕೇಂದ್ರದ ಕಡೆಯೇ ನೋಡಬೇಕು. ಆದ್ದರಿಂದ ನೀವು ಸ್ಥಳೀಯ ಮಂಡಳಿ ಕೇಳುವುದಾದರೆ ಅದಕ್ಕೆ ಬರುವ ಅನುದಾನ ಯಾವ ಸೂತ್ರದ ಪ್ರಕಾರ ಎಂಬುದನ್ನೂ ಅದೇ ಸಾಲಿನಲ್ಲಿ ಬರೆಸಿ. ಸಲಹೆ ಮಾತ್ರ ನೀಡುವ ಸಮಿತಿ ಕೊಟ್ಟರೆ ಒಪ್ಪಬೇಡಿ. ಅಂಥವುಗಳ ಸಭೆಗೆ ಎರಡನೇ ವರ್ಷದಿಂದ ಅಧಿಕಾರಿಗಳು ಬರುವುದು ನಿಲ್ಲುತ್ತದೆ.

ವಾರ್ಡ್ ಗಡಿಯ ಬಗ್ಗೆ ಒಂದೇ ಮಾತು. ನಿಮಗೆ ಬರುವ ಮೂರು ಸ್ಥಾನಗಳ ವಾರ್ಡುಗಳು ಗುಡ್ಡದ ಮೇಲೇ ಮುಗಿಯಬೇಕು. ಜನಸಂಖ್ಯೆ ಸರಿದೂಗಿಸಲು ಇಳಿಜಾರಿನ ಮನೆಗಳನ್ನು ಕೆಳಗಿನ ಪಟ್ಟಣದ ವಾರ್ಡಿಗೆ ಅಂಟಿಸುವ ಪ್ರಸ್ತಾಪ ಬಂದರೆ, ಆ ಮನೆಗಳ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ, ನೀರು ಯಾವ ಟ್ಯಾಂಕಿನಿಂದ ಬರುತ್ತದೆ, ರಸ್ತೆ ಯಾವ ಕಡೆ ಸೇರುತ್ತದೆ ಎಂಬ ಮೂರು ಸಂಗತಿಗಳನ್ನು ನಕ್ಷೆಯ ಮೇಲೆ ಗುರುತಿಸಿ ಆಕ್ಷೇಪಣೆ ಸಲ್ಲಿಸಿ. ಭಾವನೆಯ ಅರ್ಜಿಗಿಂತ ಇಂಥ ಅರ್ಜಿಗೆ ಬೆಲೆ ಹೆಚ್ಚು.

ಇನ್ನು 84 ಮಂದಿಯೂ ಮುಂದುವರಿಯುವ ವಿಚಾರ. ಜಪಾನಿನಲ್ಲಿ 1999ರಲ್ಲಿ 3,200ಕ್ಕೂ ಹೆಚ್ಚಿದ್ದ ಸ್ಥಳೀಯ ಸಂಸ್ಥೆಗಳು ಹತ್ತು ವರ್ಷದಲ್ಲಿ 1,700ರ ಆಸುಪಾಸಿಗೆ ಇಳಿದಾಗ, ಹಳೆಯ ಸದಸ್ಯರೆಲ್ಲ ಎರಡು ವರ್ಷದವರೆಗೆ ಉಳಿಯಬಹುದು ಎಂಬ ವಿಶೇಷ ಅವಕಾಶವಿತ್ತು. ವಿಲೀನಕ್ಕೆ ಸದಸ್ಯರ ಒಪ್ಪಿಗೆ ಪಡೆಯಲು ಅದು ನೆರವಾಯಿತು, ಆದರೆ ಕೆಲವೆಡೆ ಸಭೆಗಳು ವಿಪರೀತ ದೊಡ್ಡದಾಗಿ ಜನರ ಆಕ್ರೋಶಕ್ಕೂ ಗುರಿಯಾಯಿತು. ಹೊಸ ಸಂಸ್ಥೆಯ ನಿರ್ಧಾರಗಳನ್ನು ಅದಕ್ಕಾಗಿ ಯಾರೂ ಆರಿಸದ ಸಭೆ ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಇದರ ಇನ್ನೊಂದು ತುದಿ ಇನ್ನೂ ಕೆಟ್ಟದ್ದು. ಬೆಂಗಳೂರಿನಲ್ಲಿ 2007ರಲ್ಲಿ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಲಾಯಿತು. 198 ವಾರ್ಡುಗಳ ಹೊಸ ಪಾಲಿಕೆಗೆ ಚುನಾವಣೆ ನಡೆದದ್ದು 2010ರಲ್ಲಿ, ಅಲ್ಲಿಯವರೆಗೆ ಆಡಳಿತಾಧಿಕಾರಿಯ ಕೈಯಲ್ಲೇ ಎಲ್ಲವೂ ಇತ್ತು. ಸೇರ್ಪಡೆಯಾದ ಪ್ರದೇಶಗಳ ಮೊದಲ ವರ್ಷಗಳ ತೀರ್ಮಾನಗಳಲ್ಲಿ ಅಲ್ಲಿನ ಚುನಾಯಿತ ಸದಸ್ಯರೇ ಇರಲಿಲ್ಲ.

ಉತ್ತಮ ಮಾದರಿ ಡೆನ್ಮಾರ್ಕಿನದು. ಅಲ್ಲಿ 271 ಸಂಸ್ಥೆಗಳು 98 ಆದದ್ದು 2007ರ ಜನವರಿ 1ರಂದು, ಆದರೆ ವಿಲೀನವಾಗುವ ಸಂಸ್ಥೆಗಳ ಹೊಸ ಸಭೆಗಳಿಗೆ ಚುನಾವಣೆ 2005ರ ನವೆಂಬರಿನಲ್ಲೇ ಮುಗಿದಿತ್ತು. ನಡುವಿನ ಒಂದು ವರ್ಷ ಹಳೆಯ ಸಭೆಗಳು ದಿನನಿತ್ಯದ ಕೆಲಸ ನೋಡಿಕೊಂಡವು, ಹೊಸದಾಗಿ ಆರಿಸಿ ಬಂದವರು ವಿಲೀನದ ಸಿದ್ಧತೆ ನಡೆಸಿದರು. ಉತ್ತರ ಐರ್ಲೆಂಡ್ ಕೂಡ 26 ಸಂಸ್ಥೆಗಳನ್ನು 11 ಮಾಡುವಾಗ 2014ರ ಮೇ ತಿಂಗಳಲ್ಲಿ ಚುನಾವಣೆ ನಡೆಸಿ, 2015ರ ಏಪ್ರಿಲ್‌ನಲ್ಲಿ ಅಧಿಕಾರ ವಹಿಸಿತು. ಇದನ್ನೇ ಕೇಳಿ. ಇದರ ತೊಂದರೆ ಎಂದರೆ, ಹೋಗುವ ಸಭೆಗಳು ಕೊನೆಯ ತಿಂಗಳುಗಳಲ್ಲಿ ಖಜಾನೆ ಬರಿದು ಮಾಡಿ ಸಾಲ ಮಾಡುವುದುಂಟು. ಡೆನ್ಮಾರ್ಕ್, ಸ್ವೀಡನ್, ಜಪಾನ್ ಮೂರೂ ಕಡೆ ಅಧ್ಯಯನಗಳು ಈ ಪ್ರವೃತ್ತಿಯನ್ನು ದಾಖಲಿಸಿವೆ. ದೊಡ್ಡ ಮೊತ್ತದ ಹೊಸ ಸಾಲಕ್ಕೆ ಹೊಸ ಸಭೆಯ ಒಪ್ಪಿಗೆ ಬೇಕು ಎಂಬ ನಿಯಮ ಜೊತೆಗಿರಲಿ, ಅದು ನಿಮ್ಮ ಊರಿಗೂ ಅನ್ವಯಿಸಲಿ.

ಸಮಿತಿಯಿಂದ ಹೊರಬರುವ ಬಗ್ಗೆ: ಬರಬೇಡಿ. ತೀರ್ಮಾನ ಆಗಿಬಿಟ್ಟಿರುವ ವಿಲೀನದಲ್ಲಿ ಖಾಲಿ ಕುರ್ಚಿಯಿಂದ ಕರಡು ಬದಲಾಗುವುದಿಲ್ಲ. ಮುಂದಿನ ಸಭೆಗೆ ಮೊದಲು ಸೀಟು ಹಂಚಿಕೆಗೆ ಬಳಸಿದ ಸೂತ್ರ ಯಾವುದು ಎಂದು ಲಿಖಿತವಾಗಿ ಕೇಳಿ, 45ರ ಕೋಷ್ಟಕವನ್ನು ನದಿಯಂಚಿನ ಊರಿನ ಪ್ರತಿನಿಧಿಗಳಿಗೆ ತೋರಿಸಿ. ಕರಡಿನಲ್ಲಿ ಅವರಿಗೆ 4, ಇದರಲ್ಲಿ 5, ಹಾಗಾಗಿ ಅವರು ನಿಮ್ಮ ಜೊತೆ ನಿಲ್ಲುತ್ತಾರೆ. ಪಕ್ಕದ ಪಟ್ಟಣಕ್ಕೂ ಒಂದು ಹೆಚ್ಚುತ್ತದೆ.

ಇನ್ನೊಂದು ವಿಷಯವನ್ನು ಆ ಪತ್ರದಲ್ಲೇ ಕೇಳಿಬಿಡಿ: ಕರಡಿನ ಅಂಕಿಗಳು ಜನಸಂಖ್ಯೆಯದೋ, ಮತದಾರರದೋ? ನೀವು ನನಗೆ ಕೊಟ್ಟಿರುವುದು ಜನಸಂಖ್ಯೆ, ಮೇಲಿನ ಲೆಕ್ಕವೆಲ್ಲ ಅದರ ಮೇಲೆಯೇ ನಿಂತಿದೆ. ಮಕ್ಕಳು ಹೆಚ್ಚಿರುವ ಊರಿಗೆ ಮತದಾರರ ಲೆಕ್ಕದಲ್ಲಿ ನಷ್ಟ, ದುಡಿಯಲು ಹೊರಗೆ ಹೋದವರ ಹೆಸರು ಇನ್ನೂ ಪಟ್ಟಿಯಲ್ಲಿರುವ ಊರಿಗೆ ಲಾಭ. ಇಂಗ್ಲೆಂಡಿನ ಆಯೋಗ ಐದು ವರ್ಷ ಮುಂದಿನ ಮತದಾರರ ಅಂದಾಜನ್ನೂ ನೋಡುತ್ತದೆ. ಹಾಗೆ ನೋಡಿದರೆ ಬೆಳೆಯುತ್ತಿರುವ ಪಟ್ಟಣಕ್ಕೆ ಅನುಕೂಲ, ಗುಡ್ಡದ ಊರಿಗೆ ಅಲ್ಲ. ನಿಮ್ಮ ಊರಿನ ಎರಡೂ ಅಂಕಿಗಳನ್ನು ತರಿಸಿಕೊಂಡು, ಮತದಾರರ ಲೆಕ್ಕದಲ್ಲೂ ನಿಮ್ಮ ಮೂರನೇ ಸ್ಥಾನ ಉಳಿಯುತ್ತದೆಯೇ ಎಂದು ಪರೀಕ್ಷಿಸಿಕೊಂಡ ಮೇಲೆಯೇ ಸಭೆಯಲ್ಲಿ ಬಾಯಿ ತೆರೆಯಿರಿ.